ಅವರೆ ಗಿಡಕ್ಕೆ ಕೆಂಪು ದಾರ

ಭದ್ರಾವತಿ,
೨೮ ನವೆಂಬರ್ ೧೯೬೫

ಪ್ರೀತಿಯ ಯಜಮಾನರಿಗೆ ನಿಮ್ಮ ಹಾಲಮ್ಮನ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಹುಬ್ಬಳ್ಳಿಯ ಹೋಟೆಲ್ ಊಟ ಒಗ್ಗಿತೇ? ನನಗೆ ಎಂಟು ತಿಂಗಳು ತುಂಬಿತು. ಕಾಲು ಊದಿಕೊಳ್ಳುವುದು ಬಿಟ್ಟರೆ ಚೆನ್ನಾಗಿದ್ದೇನೆ. ಕೂಸು ಜೋರಾಗಿ ಒದೆಯುತ್ತದೆ. ಆದರೂ ಹೋದ ಸಲದ ಹಾಗೆ ಇದೂ ಕೈಗೆ ಹತ್ತದೆ ಹೋದರೆ ಎಂಬ ಭಯ ಬಿಟ್ಟಿಲ್ಲ. ಆ ಮಗುವಿನ ಮುಖ ನಾನು ಸರಿಯಾಗಿ ನೋಡಲೂ ಇಲ್ಲ.

ಈಗ ಸುದ್ದಿ. ವರ್ಗವಾಗಿ ಹೋಗುವ ಮುಂಚೆ ಹಿಂದಿನ ರೂಮು ಬಾಡಿಗೆಗೆ ಕೊಟ್ಟಿರಲ್ಲ, ಆ ಉಜ್ಜನಪ್ಪನ ನಡೆ ನನಗೆ ಸರಿಕಾಣುತ್ತಿಲ್ಲ. ಶಿವಮೊಗ್ಗದ ಹತ್ತಿರ ಯಾವುದೋ ಬೇಸಾಯದ ಫಾರಂನಲ್ಲಿ ಕೆಲಸವಂತೆ. ಫಾರಂ ಇದ್ದವನಿಗೆ ನಮ್ಮ ಕಲ್ಲು ಹಿತ್ತಿಲು ಯಾಕೆ? ಕೇಳಿದರೆ, "ಅಲ್ಲಿ ನಾಲೆ ನೀರು ಒಸರುತ್ತೆ ಅಕ್ಕಾ, ನಂಗೆ ಒಣ ನೆಲಾನೇ ಬೇಕು" ಎಂದ. ಊರೂರಿನ ಅವರೆಕಾಳು ತಂದು ಊರಿದ. ಬಿತ್ತಿದವನು ನೀರು ಹಾಕಬೇಕೋ ಬೇಡವೋ? ಊಹ್ಞೂಂ! ನಾನು ಪಾತ್ರೆ ತೊಳೆದ ನೀರು ಚೆಲ್ಲಿದರೂ ಓಡಿ ಬಂದು, "ಬೇಡಿ ಅಕ್ಕಾ, ಒಣಗ್ಲಿ ಬಿಡಿ" ಎನ್ನುತ್ತಾನೆ. ಬಸುರಿ ಇರುವ ಮನೆಯಲ್ಲಿ ಆಡುವ ಮಾತೇ ಇದು? ಎಲೆ ಮುದುಡಿ ಹೂವು ಉದುರತೊಡಗಿದಾಗ ಕೆಲವು ಗಿಡಕ್ಕೆ ಮಾತ್ರ ಕೆಂಪು ದಾರ ಕಟ್ಟಿದ. ಮಾಟವಲ್ಲದೆ ಇನ್ನೇನು ಮಾರಾಯರೇ! ಅವತ್ತಿನಿಂದ ಬೆಳಿಗ್ಗೆ ಎದ್ದರೆ ಆ ಗಿಡಗಳನ್ನು ದುರುಗುಟ್ಟಿ ನೋಡುವುದೇ ನನ್ನ ಕೆಲಸ. ಒಗೆಯುವ ಕಲ್ಲಿನ ಪಕ್ಕದ್ದು, ಪರಂಗಿ ಗಿಡದ ಕೆಳಗಿನ ಜೋಡಿ, ಬೇಲಿ ಮೂಲೆಯದ್ದು, ಎಲ್ಲ.

ಹೋದ ವಾರ ಒಂದು ಮಳೆ ಬಿದ್ದು ಗಿಡಗಳೆಲ್ಲ ಒಂದೇ ಸಮ ಹಸಿರಾಗಿ ಹೂವು ಬಿಟ್ಟವು. ಅವನು ಚನ್ನಗಿರಿಗೆ ಹೋದ. ನಿನ್ನೆ ಅತ್ತೆ, "ಹೆರಿಗೆ ಆಗೋ ಮನೇಲಿ ಗಂಟು ಇರಬಾರ್ದು, ಹೆರೋಳಿಗೆ ಕಷ್ಟ" ಎಂದು ಮೂಟೆಗಳನ್ನೂ ಬಟ್ಟೆ ಒಣಹಾಕುವ ಹಗ್ಗವನ್ನೂ ಬಿಚ್ಚಿದರು. ಹಾಗೇ ಹಿತ್ತಿಲಿಗೆ ಹೋಗಿ ದಾರಗಳನ್ನೆಲ್ಲ ಬಿಚ್ಚಿ ಒಲೆಗೆ ಹಾಕಿದರು. ನನಗೆ ಪೀಡೆ ತೊಲಗಿದ ಹಾಗಾಯಿತು. ನೀವು ಬಂದ ಕೂಡಲೇ ಅವನಿಗೆ ರೂಮು ಖಾಲಿ ಮಾಡಲು ಹೇಳಿ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿನೀರು ಕುಡಿಯಿರಿ, ಬೀಡಿ ಕಮ್ಮಿ ಮಾಡಿ.

ನಿಮ್ಮ
ಹಾಲಮ್ಮ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಉಜ್ಜನಪ್ಪ ಬಂದ. ಹಿತ್ತಿಲು ನೋಡಿ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ನೀರಿಲ್ಲದೆಯೂ ಹೂವು ಉದುರಿಸದೆ ನಿಂತ ಗಿಡಕ್ಕೆ ಗುರುತಂತೆ ಆ ದಾರ. ಅವುಗಳ ಬೀಜದಿಂದ ಬರಗಾಲಕ್ಕೂ ಜಗ್ಗದ ಅವರೆ ತಳಿ ಮಾಡಬೇಕಂತೆ. "ಈಗ ಎಲ್ಲಾ ಒಂದೇ ಥರ ಆಗೋಗಿದಾವೆ, ಹೆಂಗೆ ಕಂಡುಹಿಡೀಲಿ ಅಕ್ಕಾ" ಎಂದು ಕಣ್ಣು ಒರೆಸಿಕೊಂಡ. ಅಷ್ಟು ದಿನ ಹೆದರಿ ಹೆದರಿ ನೋಡಿದವಳು ನಾನು, ಮರೆಯುತ್ತೇನೆಯೇ? ಒಂದೂ ಬಿಡದೆ ತೋರಿಸಿದೆ. ಅವನು ಹೊಸ ದಾರ ತೆಗೆದಾಗ ಗಂಟಿನ ಬಗ್ಗೆ ಅತ್ತೆ ಅಂದದ್ದನ್ನು ಹೇಳಿದೆ. ಅದಕ್ಕವನು, "ಗಂಟು ಬೇಡ ಅಕ್ಕಾ, ಸುಮ್ನೆ ಸುತ್ತಿರ್ತೀನಿ" ಎಂದ. ಸುತ್ತಿದರೆ ಗಾಳಿಗೆ ಹೋಗದೇ? ಅತ್ತೆ ಮಲಗಿದ್ದಾಗ ನಾನೇ ಬಿಗಿಯಾಗಿ ಗಂಟು ಹಾಕಿದೆ. ರೂಮು ಖಾಲಿ ಮಾಡಿಸುವ ಮಾತು ಬಿಡಿ. ಗಂಟಿನ ಸುದ್ದಿ ಅತ್ತೆಗೆ ಹೇಳಬೇಡಿ. ಗಂಟು ಹಾಕಿದಾಗಿನಿಂದ ಕೂಸು ಅಲುಗಾಡಿಲ್ಲವೇನೋ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಬರೆಯುತ್ತಿದ್ದೇನೆ. ಇಗೋ, ಒದೆಯಿತು. ಆದರೂ ನೀವು ಬಂದುಬಿಡಿ.