ಹತ್ತು ಲಕ್ಷದ ಮೂರು

೩ ಆಗಸ್ಟ್ ೧೯೭೯
ಎಂಟನೇ ಕ್ಲಾಸಿನ ಪೇಪರ್ ತಿದ್ದಿ ಮುಗಿಯಿತು. ಆಫೀಸಿಗೆ ಹೋದಾಗ ಜಲಜಾಕ್ಷಿ ಒಂದು ನೋಟ್‌ಬುಕ್ ಕೊಟ್ಟಳು. ನಮ್ಮ ಶಾಲೆಯ ಗುಮಾಸ್ತೆ, ಲಾಯಿಲ ಊರಿನವಳು. ೧೦,೦೦,೦೦೩ ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲವೋ ಎಂದು ಜೂನ್‌ನಲ್ಲಿ ಸುಮ್ಮನೆ ಕೇಳಿದ್ದೆ. ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯಗಳಿಂದಲೂ ಭಾಗಿಸಿದ್ದಾಳೆ. ಪ್ರತಿಯೊಂದಕ್ಕೂ ಶೇಷ ಬರೆದಿದ್ದಾಳೆ. ಒಂದೂ ಸೊನ್ನೆ ಇಲ್ಲ.

"ಸಾವಿರದಿಂದ ಮೇಲೆ ನೋಡುವುದು ಬೇಡ ಅಲ್ವಾ ಸರ್? ದೊಡ್ಡದರಿಂದ ಹೋಗುವುದಾದರೆ ಅದರ ಜೋಡಿ ಸಣ್ಣದು ಇರಬೇಕಲ್ಲ."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಎಸ್ಸೆಸೆಲ್ಸಿ ಮಾತ್ರ ಓದಿದವಳು.

೧೧ ಆಗಸ್ಟ್
೧೯ಕ್ಕೆ ಮೂಡಬಿದಿರೆಯಲ್ಲಿ ಗಣಿತ ಅಧ್ಯಾಪಕರ ಸಂಘದ ಸಭೆ. ಭಾಷಣ ನನ್ನದು. ಅವಳ ನೋಟ್‌ಬುಕ್ ನೋಡಿ ಬರೆದೆ. ನಾನು ಸೇರಿಸಿದ್ದು ಒಂದೇ: ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುತ್ತದೆ, ಹಾಗಾಗಿ ಅದು ಎರಡು ವರ್ಗಗಳ ಮೊತ್ತ ಆಗಲಾರದು. ಅದೂ ಪುಸ್ತಕದಿಂದ. ಅವಳ ಹೆಸರು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ... ಇಲ್ಲ. ತಿಳಿದಿತ್ತು. ಹಾಕಲಿಲ್ಲ.

೧೯ ಆಗಸ್ಟ್, ಭಾನುವಾರ, ಸಂಜೆ
"ಎರಡು ತಿಂಗಳು ನಾನೇ ಕೂತು ಭಾಗಿಸಿದೆ" ಎಂದೆ ಸಭೆಯಲ್ಲಿ. ಚಪ್ಪಾಳೆ. ಹಾಜರಿ ಬರೆಯಲು ಬಂದಿದ್ದ ಜಲಜಾಕ್ಷಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ನಿವೃತ್ತ ಇನ್‌ಸ್ಪೆಕ್ಟರ್ ಸಂಕಪ್ಪ ಶೆಟ್ಟರು ಎದ್ದರು. "ಅದು ನೂರ ಒಂದರಿಂದ ಹೋಗ್ತದೆ ಮಾರಾಯ್ರೆ. ೧೦೧ ಇಂಟು ೯,೯೦೧. ನನಗೆ ಬಾಯಿಪಾಠ ಉಂಟು."

ಸಭೆ ನಕ್ಕಿತು. ಥಟ್ಟನೆ ನನ್ನ ಬಾಯಿಂದ ಬಂತು: "ಲೆಕ್ಕ ಮಾಡಿದ್ದು ನಮ್ಮ ಗುಮಾಸ್ತೆ ಜಲಜಾಕ್ಷಿ. ಅವಳಿಗೆ ತಪ್ಪಿರಬೇಕು."

ಎಲ್ಲರೂ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ನಾನು ತಗ್ಗಿಸಿದೆ. ಒಂದೇ ಬಸ್ಸಿನಲ್ಲಿ ವಾಪಸ್ಸು.

ಅದೇ ದಿನ, ಏಳೂವರೆ
ಗುಣಿಸಿ ನೋಡಿದೆ. ೧೦,೦೦,೦೦೧ ಬರುತ್ತದೆ. ಕೊನೆಗೆ ಮೂರಲ್ಲ, ಒಂದು. ನೆನಪು ತಪ್ಪಿದ್ದು ಶೆಟ್ಟರಿಗೆ. ಒಂದನ್ನು ಒಂದರಿಂದ ಗುಣಿಸಿದರೆ ಮೂರು ಎಲ್ಲಿಂದ ಬರಬೇಕು? ಐದನೇ ಕ್ಲಾಸಿನವರಿಗೂ ಗೊತ್ತಾಗುವ ವಿಷಯ. ನೋಟ್‌ಬುಕ್ಕಿನಲ್ಲಿ ೧೦೧ರ ಮುಂದೆ ಅವಳ ಉರುಟಾದ, ದುಂಡನೆಯ ಅಕ್ಷರದಲ್ಲಿ: ಶೇಷ ೨. ಅಷ್ಟು ಹೊತ್ತೂ ನೋಟ್‌ಬುಕ್ ನನ್ನ ಕೈಯಲ್ಲೇ ಇತ್ತು.

೨೭ ಆಗಸ್ಟ್
ಒಂದು ವಾರ ರಜೆ. ಜ್ವರ ಎಂದು ಬರೆದು ಕಳಿಸಿದ್ದೆ. ಜ್ವರ ಇರಲಿಲ್ಲ. ಇವತ್ತು ಹೋದೆ. ಆಫೀಸಿನಲ್ಲಿ ಅವಳೊಬ್ಬಳೇ.

"ಜಲಜಾಕ್ಷಿ, ನಿನ್ನ ಲೆಕ್ಕ ಸರಿ ಉಂಟು."

"ಗೊತ್ತುಂಟು ಸರ್. ಅಲ್ಲಿಯೇ ಗೊತ್ತಿತ್ತು."

"ಮತ್ತೆ ಎದ್ದು ಹೇಳಬಹುದಿತ್ತಲ್ಲ?"

"ನೀವು ಹೇಳ್ತೀರಿ ಅಂತ ಕಾದೆ. ನನ್ನ ಹೆಸರು ಕೇಳಿದಾಗ ಒಮ್ಮೆ ಖುಷಿ ಆಯ್ತು ಸರ್. ಆಮೇಲೆ ತಪ್ಪು ಅಂದ್ರಿ."

೨೯ ಆಗಸ್ಟ್
ಸಂಘದ ಕಾರ್ಯದರ್ಶಿಗೆ ಪತ್ರ, ಮುಂದಿನ ಸಭೆಯಲ್ಲಿ ಓದಲು. ಮೊದಲನೆಯದು ಹರಿದೆ. "ನನ್ನ ಮಾರ್ಗದರ್ಶನದಲ್ಲಿ" ಎಂದು ಶುರುವಾಗಿತ್ತು. ಎರಡನೆಯದನ್ನೂ ಹರಿದೆ. ಅದರಲ್ಲಿ "ಸಣ್ಣ ಗೊಂದಲ" ಎಂದಿತ್ತು. ಕೊನೆಗೆ ಅವಳ ಟೈಪ್‌ರೈಟರ್ ಎದುರು ನಿಂತು ಬಾಯಲ್ಲೇ ಹೇಳಿದೆ. ಟೈಪ್ ಮಾಡಲು ಇನ್ಯಾರಿದ್ದಾರೆ?

"ಲೆಕ್ಕ ಜಲಜಾಕ್ಷಿಯವರದು. ಅದು ಸರಿಯಾಗಿಯೇ ಇದೆ. ನಾನು..."

"ಮುಂದೆ ಸರ್?" ಬೆರಳು ಎತ್ತಿಕೊಂಡೇ ಕೂತಿದ್ದಳು.

"ಸುಳ್ಳು ಹೇಳಿದೆ."

ಟೈಪ್ ಮಾಡಿದಳು. ಒಂದೊಂದೇ ಅಕ್ಷರ. ಕಾಗದ ತೆಗೆದು ನನ್ನ ಮುಂದಿಟ್ಟಳು. ಸಹಿ ಹಾಕಿದೆ. ಅವಳ ಮುಖ ನೋಡಲು ಇವತ್ತೂ ಆಗಲಿಲ್ಲ.