ಚಿಕ್ಕ ಡಬ್ಬಿಯ ಸಾಸಿವೆ

ಪುಟ್ಟಿ,

ಆಸ್ಪತ್ರೆಗೆ ಹೊರಟೆ. ನೀನು ಗೊರಕೆ ಹೊಡೆಯುತ್ತಿದ್ದೆ, ಎಬ್ಬಿಸಲಿಲ್ಲ.

ಬ್ಯಾಂಕಿನಾಕೆ ಅಂಗಿ ಒಯ್ಯಲು ಬೆಳಿಗ್ಗೆಯೇ ಬರುತ್ತಾಳೆ. ಎಡಗಡೆಗೆ ಹತ್ತಿ ತುಂಬಿದ್ದೀಯಲ್ಲ, ನಿನ್ನ ತಲೆ! ಎದೆ ತೆಗೆಸಿಕೊಂಡವರಿಗೆ ಹತ್ತಿ ಹಗುರ, ಕೈ ಎತ್ತಿದರೆ ಕೊರಳಿಗೇ ಏರಿಬಿಡುತ್ತದೆ ಅಂತ ಎಷ್ಟು ಸಲ ಬಡಿದುಕೊಂಡಿದ್ದೇನೆ. ಬಿಚ್ಚಿ ಸಾಸಿವೆ ತುಂಬು. ಎರಡೂ ಕಡೆ ಭಾರ ಸಮ ಇರಬೇಕು.

ಟೀಚರದ್ದೂ ಎಡಗಡೆಯೇ. ಹೊಸ ಗಾಜಿನ ಕಟ್ಟಡದ ಹುಡುಗಿಯದ್ದು ಬಲಗಡೆ. ಅವಳಿಗೆ ನಿನ್ನದೇ ವಯಸ್ಸು. ಎದುರಿಗೆ ‘ಅಯ್ಯೋ ಪಾಪ’ ಅನ್ನಬೇಡ.

ಅಮ್ಮ ಹೊಲಿಯುತ್ತಿದ್ದಾಗ ಇಂಥ ಅಂಗಿ ಕೇಳಿದವರೇ ಅಪರೂಪ. ರಸ್ತೆ ಅಗಲವಾಯಿತು, ಆಫೀಸುಗಳು ಬಂದವು, ಈಗ ವಾರಕ್ಕೊಬ್ಬರು. ಎಲ್ಲರದೂ ಒಂದೇ ರಾಗ: “ನೋವೇ ಇರ್ಲಿಲ್ಲ, ಕೆಲ್ಸ ಮುಗಿಸ್ಕೊಂಡು ತೋರಿಸೋಣ ಅಂತಿದ್ದೆ.” ನಾನೂ ಅದನ್ನೇ ಹಾಡಿದೆ. ನೀನು ಹಾಡಬೇಡ. ಸೋಮವಾರ ಅಂಗಡಿ ಮುಚ್ಚಿ ಹೋಗಿ ತೋರಿಸಿಕೋ. ಗಿರಾಕಿಗಳು ಕಾಯಲಿ, ಏನೂ ಮುಳುಗಿಹೋಗುವುದಿಲ್ಲ.

ಅನ್ನ ಮಾಡಿಟ್ಟಿದ್ದೇನೆ, ನಿಂತುಕೊಂಡು ತಿನ್ನಬೇಡ.

ದೊಡ್ಡ ಡಬ್ಬಿಯ ಸಾಸಿವೆ ಮುಗಿದಿದೆ. ಬೀರುವಿನಲ್ಲಿ ನನ್ನ ಬಟ್ಟೆಗಳ ಹಿಂದೆ ಚಿಕ್ಕ ಡಬ್ಬಿ ಇದೆ, ನೋಡು. ಆಪರೇಷನ್ ಆದಮೇಲೆ ನನಗೇ ಬೇಕಾಗುತ್ತದೆ ಅಂತ ತೂಗಿ ಎತ್ತಿಟ್ಟಿದ್ದೆ. ನಿನ್ನೆ ಡಾಕ್ಟರು, “ಈಗ ಕೊಯ್ದು ಪ್ರಯೋಜನ ಇಲ್ಲಮ್ಮ” ಅಂದರು. ರಾತ್ರಿ ನಿನಗೆ ಹೇಳದೆ ಮಲಗಿಬಿಟ್ಟೆ. ಇವತ್ತು ನೋವಿನ ಮಾತ್ರೆ ತರಲು ಹೋಗುತ್ತಿದ್ದೇನೆ, ಅಷ್ಟೇ.

ಆ ಸಾಸಿವೆಯನ್ನು ಬ್ಯಾಂಕಿನಾಕೆಯ ಅಂಗಿಗೆ ತುಂಬಿಬಿಡು.

ಅಕ್ಕ