ಗುಂಯ್ ಇಲ್ಲ ಅಂದಿದ್ದು ಸುಳ್ಳು

ನಮ್ಮ ಮನೆಯವರಿಗೆ,

ಏನ್ರೀ, ಹೇಗಿದ್ದೀರಿ ಎಂದು ಕೇಳುವುದಿಲ್ಲ. ನೀವಿದ್ದಾಗಲೂ ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಬಂದದ್ದಿಲ್ಲ. ‘ಟ್ರಾನ್ಸ್‌ಫಾರ್ಮರ್ ಸ್ವಲ್ಪ ಬಿಸಿ ಆಗಾಕತ್ತೈತಿ’ ಎನ್ನುತ್ತಿದ್ದಿರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ. ನಿಮಗೊಂದು ಸುಳ್ಳು ಹೇಳಿದ್ದೆ. ಒಂದು ಸಲವಲ್ಲ, ನಾಲ್ಕು ಸಲ. ನೀವು ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರುಗಳೂ ನಾಲ್ಕೇ.

ಮೊದಲನೆಯದನ್ನು ಕಟ್ಟಿದ್ದು ನೆನಪಿದೆಯೇ? ಮೆಣಸಿನಕಾಯಿ ಸೀಸನ್ನು, ಮಾರುಕಟ್ಟೆಯ ಅಂಗಳಕ್ಕೆ ಬೆನ್ನು ಕೊಟ್ಟ ಮನೆ ನಮ್ಮದು. ಒಳಗೆ ಬಿಸಿಯಾಗಬಾರದೆಂದು ನೀವು ಅದಕ್ಕೊಂದು ಫ್ಯಾನು ಕೂರಿಸಿದಿರಿ. ಬ್ಯಾಡಗಿಯಲ್ಲೇ ಹುಟ್ಟಿ ಬೆಳೆದವರು ಮಾಡುವ ಕೆಲಸವೇ ಅದು? ಫ್ಯಾನು ಗಾಳಿಯಲ್ಲಿದ್ದ ಖಾರದ ಧೂಳನ್ನೆಲ್ಲ ಎಳೆದುಕೊಂಡು, ಹಾಡು ಕೇಳಲು ಬಂದವರ ಮುಖಕ್ಕೆ ಊದಿತು. ಹಲಗೇರಿಯಿಂದ ಬಂದಿದ್ದ ನಿಮ್ಮ ಚಿಕ್ಕಪ್ಪನ ಮಗ ಬಸವರಾಜ ಕಣ್ಣೊರೆಸಿಕೊಳ್ಳುತ್ತಲೇ, ‘ಹಾಡಿಗೂ ಒಗ್ಗರಣಿ ಕೊಟ್ಟೀಯಲ್ಲ ಅಣ್ಣಾ’ ಎಂದ. ಮರುದಿನವೇ ಫ್ಯಾನು ಕಿತ್ತು, ಬಿಸಿ ಹೀರಲು ಅಲ್ಯೂಮಿನಿಯಮ್ಮಿನ ದಪ್ಪ ತಗಡು ಹಾಕಿದಿರಿ.

ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಪಕ್ಕದಲ್ಲಿ ಅಷ್ಟು ವರ್ಷ ಕೆಲಸ ಮಾಡಿ ನಿಮ್ಮ ಕಿವಿ ಮಂದವಾಗಿತ್ತು. ಹಾಡು ಕೇಳುತ್ತಿತ್ತು. ಹಾಡಿಲ್ಲದಾಗ ಸ್ಪೀಕರಿನಲ್ಲಿ ಉಳಿಯುವ ಸಣ್ಣ ‘ಗುಂಯ್’ ಮಾತ್ರ ಕೇಳುತ್ತಿರಲಿಲ್ಲ. ಕಟ್ಟಿದವನ ಕೈ ಎಂಥದೆಂದು ತಿಳಿಯುವುದು ಆ ಗುಂಯ್‌ನಿಂದಲೇ ಅಂತ ಹೇಳಿದವರೂ ನೀವೇ. ಹಾಗಾಗಿ ಕೇಳಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹಾಡು ನಿಲ್ಲಿಸಿ, ವಾಲ್ಯೂಮು ಪೂರ್ತಿ ಏರಿಸಿ, ‘ಕೇಳ್ ಬಾ ಇಲ್ಲೆ, ಗುಂಯ್ ಅಂತೈತೇನು?’ ಎನ್ನುತ್ತಿದ್ದಿರಿ. ಅನ್ನುತ್ತಿತ್ತು. ಆದರೆ ನಾನಾಗಲೇ ತಾಟಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಕೂತಿರುತ್ತಿದ್ದೆ. ‘ಹೂಂ’ ಎಂದರೆ ಮತ್ತೆ ಸ್ಕ್ರೂ ಬಿಚ್ಚುತ್ತೀರಿ, ಮತ್ತೆ ಎರಡು ತಾಸು. ‘ಇಲ್ರೀ. ಲಗೂ ಏಳ್ರಿ, ಊಟಕ್ಕ ಬರ್ರಿ’ ಎಂದುಬಿಡುತ್ತಿದ್ದೆ. ಪರೀಕ್ಷೆ ಪಾಸಾದವರ ಹಾಗೆ ಕೈತೊಳೆದು ಬರುತ್ತಿದ್ದಿರಿ. ಆ ಮುಖ ನೋಡಿದ ಮೇಲೆ ನಾನು ಬಾಯಿ ಬಿಟ್ಟು ಹೇಗೆ…

ನೀವು ಹೋದ ಮೇಲೆ ಒಂದು ವರ್ಷ ನಮ್ಮ ಮನೆಯದನ್ನು ಹಚ್ಚಲೇ ಇಲ್ಲ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಧೈರ್ಯ ಮಾಡಿ ಹಚ್ಚಿದೆ. ಹಾಡು ಮುಗಿಯಿತು, ಗುಂಯ್ ಉಳಿಯಿತು. ಆಗ ನನಗೆ ಬಹಳ ನಾಚಿಕೆಯಾಯಿತು. ಉಳಿದ ಮೂರನ್ನೂ ನೀವು ನನ್ನ ಮಾತು ನಂಬಿ ಬೇಕಾದವರಿಗೆ ಕೊಟ್ಟಿದ್ದಿರಿ. ನನ್ನ ಅವಸರಕ್ಕೆ ನಿಮ್ಮ ಕೈಕೆಲಸದ ಹೆಸರು ಕೆಟ್ಟಿತಲ್ಲ ಎಂದು ಅವತ್ತು ಅತ್ತೆ. ಅತ್ತು ಮುಗಿದ ಮೇಲೆ ಸ್ಕ್ರೂಡ್ರೈವರ್ ಹುಡುಕಿದೆ.

ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿ ಕೂತು ರೆಸಿಸ್ಟರಿನ ಬಣ್ಣದ ಪಟ್ಟಿ ಓದಿ ಹೇಳಿದವಳು ನಾನು. ಬೆಸುಗೆ ಹಾಕುವುದನ್ನೂ ನೋಡಿ ನೋಡಿ ಕಲಿತಿದ್ದೆ. ಪೆಟ್ಟಿಗೆಯ ಒಳಗಿನದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ರಾಣೇಬೆನ್ನೂರಿಗೆ ಹೋದೆ. ನೀವು ಸಾಮಾನು ತರುತ್ತಿದ್ದ ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. ‘ಅಕ್ಕಾರ, ಅರ್ಥ್ ವೈರ್ ಮಣಿ ಪೋಣಿಸಿದಂಗ ಒಂದರಿಂದ ಒಂದಕ್ಕ ಹೋಗೇತಿ ನೋಡ್ರಿ. ಅದಕ್ಕ ಗುಂಯ್ ಅಂತೈತಿ, ಹಂಗ ಬ್ಯಾಡ. ಎಲ್ಲಾ ಬಿಡಿಸಿ ಒಂದ ಸ್ಕ್ರೂಗೆ ತಂದು ಕಟ್ರಿ’ ಎಂದರು. ಇಷ್ಟೇ. ನೀವೋ, ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತೆ ನಾಲ್ಕನ್ನೂ ಒಂದೇ ರೀತಿ ಕಟ್ಟಿದ್ದೀರಿ.

ಮೂರು ದಿನ ಹಿಡಿಯಿತು, ಎರಡು ಬೆರಳು ಸುಟ್ಟವು. ಕೊನೆಗೆ ನಮ್ಮ ಮನೆಯದು ಸುಮ್ಮನಾಯಿತು. ಧೈರ್ಯ ಬಂತು ನೋಡಿ, ಮೋಟೆಬೆನ್ನೂರಿನ ಟೇಲರ್ ಅಂಗಡಿಗೆ ಹೋಗಿ ಅಲ್ಲಿಯದನ್ನು ಸರಿಮಾಡಿದೆ. ಬಳಿಕ ನಿಮ್ಮ ಗೆಳೆಯ ಸ್ಟೇಷನ್ ರಸ್ತೆಯ ಮಾಸ್ತರರ ಮನೆಯದು. ಇಬ್ಬರಿಗೂ ಸುಳ್ಳಿನ ವಿಷಯ ಹೇಳಿ ಕ್ಷಮೆ ಕೇಳಿದೆ, ಇಬ್ಬರೂ ಚಹಾ ಕೊಟ್ಟು ಕಳಿಸಿದರು.

ಕೊನೆಗೆ ಹಲಗೇರಿಯಲ್ಲಿದ್ದದ್ದು. ಬಸವರಾಜನ ಮುಂದೆಯೂ ತಪ್ಪೊಪ್ಪಿಕೊಂಡೆ. ಅವನು ನಗತೊಡಗಿದ.

‘ವೈನಿ, ಅಣ್ಣಗ ಗೊತ್ತಿತ್ತು. ಸ್ಪೀಕರಿನ ಕಾಗದಕ್ಕ ಬೆರಳತುದಿ ಮುಟ್ಟಿಸಿ ನೋಡ್ತಿದ್ದ. ಕಿವಿಗೆ ಕೇಳದಿದ್ರೂ ಬೆರಳಿಗೆ ತಿಳೀತಿತ್ತು. ಇದನ್ನ ಕೊಡೂ ದಿನಾನ ಹೇಳಿದ್ದ, “ಗುಂಯ್ ಐತಿ ಬಸು, ಆದ್ರ ರೊಟ್ಟಿ ಆರಾಕತ್ತಿದ್ವು, ಆಕಿ ಪಾಸ್ ಮಾಡ್ಯಾಳ” ಅಂತ.’

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ‘ಗೊತ್ತಿದ್ರ ನನ್ನ ಯಾಕ ಕೇಳ್ತಿದ್ರು?’

‘ನೀವು ಊಟಕ್ಕ ಕರೀಲಿ ಅಂತ ಇರಬೇಕು. ಇಲ್ಲಾಂದ್ರ ಆತಗ ಪೆಟಿಗಿ ಬಿಟ್ಟು ಏಳಾಕ ಎಲ್ಲಿ ಬರ್ತಿತ್ತು?’

ಖರೇ ಏನ್ರೀ? ನಾಲ್ಕು ಸಲವೂ ಗೊತ್ತಿದ್ದೇ ಕೈತೊಳೆದು ಬಂದಿರಾ? ಆ ಹೊತ್ತಿಗೆ ನಿಮ್ಮ ಮೇಲೆ ಸಿಟ್ಟೂ ಬಂತು, ಜೊತೆಗೇ ಎದೆಯ ಮೇಲಿನ ಕಲ್ಲೂ ಇಳಿಯಿತು. ಬಸ್ಸಿನಲ್ಲಿ ಬ್ಯಾಡಗಿ ಮುಟ್ಟುವವರೆಗೂ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿದ್ದವರು ಏನೆಂದುಕೊಂಡರೋ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಐದನೆಯದಕ್ಕೆಂದು ನೀವು ತಂದಿಟ್ಟಿದ್ದ ಸಾಮಾನು ಕಪಾಟಿನಲ್ಲೇ ಇತ್ತು. ಅದನ್ನು ನಾನು ಕಟ್ಟುತ್ತಿದ್ದೇನೆ, ಮೊದಲಿನಿಂದ, ನನ್ನ ಕೈಯಿಂದ. ಬೋರ್ಡಿನ ಬೆಸುಗೆ ಮುಗಿದಿದೆ, ಪೆಟ್ಟಿಗೆಗೆ ಬಡಿಗೇರರಿಗೆ ಹೇಳಿದ್ದೇನೆ. ಅದು ಮುಗಿದ ದಿನ ಕೇಳಿ ಹೇಳಲು ಬಸವರಾಜ ಬರುತ್ತಾನೆ. ಅವನ ಕಿವಿ ಚುರುಕು. ಒಂದು ಮಾತನ್ನು ಮಾತ್ರ ಅವನಿಗೆ ಈಗಲೇ ಹೇಳಿಟ್ಟಿದ್ದೇನೆ: ಮೊದಲು ಊಟ, ಆಮೇಲೆ ಕೇಳುವುದು.